ಕೋಲು ಬ್ಯಾಗಿನೊಳಗೆ ಯಾಕಿದೆ?

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ವಯಸ್ಸು 32, ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕಣ್ಣಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಕಣ್ಣಿನ ಪರದೆ ನಿಧಾನವಾಗಿ ಕೆಡುವ ಕಾಯಿಲೆ. ಬಿಲ್ಲಿನ ಸಣ್ಣ ಅಂಕಿ ಓದುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ಆದರೆ ಕಾಲ ಬಳಿ ಇಟ್ಟ ಚೊಂಬನ್ನು ಎಡವುತ್ತಾರೆ. ಹರಿಹರದ ಮದುವೆಯೊಂದರಲ್ಲಿ ಯಾರೋ ಪಕ್ಕದಿಂದ ಕುಂಕುಮದ ಬಟ್ಟಲು ಚಾಚಿದರಂತೆ, ಇವರು ನೋಡದೆ ಮುಂದೆ ಹೋದರಂತೆ. 'ಎಷ್ಟು ಸೊಕ್ಕು' ಅನ್ನಿಸಿಕೊಂಡರು. ಮನೆಯಲ್ಲಿ ಅತ್ತೆ, 'ಪೇಪರ್ ಓದೋಳಿಗೆ ಚೊಂಬು ಕಾಣಲ್ವಾ? ಎಲ್ಲಾ ನಾಟಕ' ಅಂತಾರೆ. ಅತ್ತೆಯನ್ನು ನಂಬಿಸುವುದು ಹೇಗೆ, ಇದು ಪ್ರಶ್ನೆ.

ಅಲ್ರೀ ತಾಯಿ, ಮೂರೂವರೆ ಪುಟ ಅತ್ತೆಗೇ ಕೊಟ್ಟಿದ್ದೀರಿ. ನಾನು ನಿಂತದ್ದು ಮೂರನೇ ಪುಟದ ಕೊನೇ ಸಾಲಿನಲ್ಲಿ: 'ಮಡಚುವ ಬಿಳಿ ಕೋಲು ತಗೊಂಡು ನಡೆಯೋದೂ ಕಲಿತೆ, ಆದರೆ ಎರಡು ವರ್ಷದಿಂದ ಬ್ಯಾಗಲ್ಲೇ ಇದೆ. ಯಜಮಾನರಿಗೆ ಸರಿ ಬರಲ್ಲ. ಅವರು ತುಂಬಾ ಒಳ್ಳೆಯವರು.'

'ತುಂಬಾ ಒಳ್ಳೆಯವರು' ಅಂತ ಬರೆದ ಕಡೆಯೆಲ್ಲ ನಾನು ಕೆಂಪು ಗೆರೆ ಎಳೆಯುತ್ತೇನೆ, ಹಳೇ ಓದುಗರಿಗೆ ಗೊತ್ತು. ಡಾಕ್ಟರ ಮುಂದೆ ನಿಮ್ಮ ಪಕ್ಕದಲ್ಲಿ ಕೂತಿದ್ದವರು ಇದೇ ಯಜಮಾನರು. ಕಾಯಿಲೆಯ ಹೆಸರು ಕೇಳಿದರು, ಕನ್ನಡಕದಿಂದ ಸರಿಹೋಗಲ್ಲ ಅನ್ನೋದೂ ಕೇಳಿದರು. ಮನೆಗೆ ಬಂದು ಅಮ್ಮನಿಗೆ ಒಂದು ಮಾತು ಹೇಳಲಿಲ್ಲ. ಅಮ್ಮ 'ನಾಟಕ' ಅಂದಾಗಲೂ ಊಟ ಮಾಡ್ತಾ ಇದ್ದರು.

ಅತ್ತೆ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವರು ಕಂಡದ್ದನ್ನು ಆಡುತ್ತಿದ್ದಾರೆ. ಓದಿದರೆ ಕಣ್ಣಿದೆ, ಎಡವಿದರೆ ಕಣ್ಣಿಲ್ಲ, ಇದು ಅವರ ಲೆಕ್ಕ. ಈ ಕಾಯಿಲೆ ಆ ಲೆಕ್ಕಕ್ಕೆ ಸಿಗಲ್ಲ. ಕಣ್ಣಿನ ಪರದೆಯಲ್ಲಿ ಮಬ್ಬು ಬೆಳಕಿಗೆ ಕೆಲಸ ಮಾಡುವ ಕೋಶಗಳು ಮೊದಲು ಹೋಗುತ್ತವೆ. ಅದಕ್ಕೇ ಮೊದಲು ರಾತ್ರಿ ನೋಟ ಕೆಡುತ್ತದೆ, ಆಮೇಲೆ ಅಕ್ಕಪಕ್ಕದ ನೋಟ. ನಡುವೆ ಒಂದು ಕಿಂಡಿ ಚೆನ್ನಾಗೇ ಉಳಿದಿರುತ್ತದೆ. ಅತ್ತೆ ಕೈಗೆ ಒಲೆ ಊದುವ ಕೊಳವೆ ಕೊಟ್ಟು, ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡುತ್ತಾ ಪಡಸಾಲೆ ದಾಟಲು ಹೇಳಿ. ಗೋಡೆ ಮೇಲಿನ ಕ್ಯಾಲೆಂಡರಿನ ತಾರೀಖು ಓದುತ್ತಾರೆ, ಚೊಂಬನ್ನು ಒದೆಯುತ್ತಾರೆ!

ಕಾನೂನಿಗಂತೂ ಅನುಮಾನವಿಲ್ಲ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಇದೆ. ನೋಟದ ಹರವು 40 ಡಿಗ್ರಿಗಿಂತ ಕಡಿಮೆ, 10 ಡಿಗ್ರಿವರೆಗೆ ಇದ್ದರೆ ಮಂದದೃಷ್ಟಿ ಅಂತ ಅದರಲ್ಲೇ ಬರೆದಿದೆ. ನಿಮ್ಮದು 15 ಅಂತ ನೀವೇ ಬರೆದಿದ್ದೀರಿ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಅದೂ ಬೇಡ ಅಂದವರು ಯಾರು ಅಂತ ನಾನು ಕೇಳಲ್ಲ.

ಆದರೆ ಕಾರ್ಡು ಪರ್ಸಿನಲ್ಲಿರುತ್ತದೆ, ಮದುವೆ ಮನೆಯಲ್ಲಿ ಕುಂಕುಮ ಕೊಡೋರಿಗೆ ಕಾಣಲ್ಲ. ಕೋಲು ಕಾಣುತ್ತದೆ. ಯಜಮಾನರಿಗೆ ಬೇಡವಾದದ್ದೂ ಅದೇ ಅಲ್ವಾ?

ಅದಕ್ಕೆ ಒಂದೇ ಕೆಲಸ ಹೇಳುತ್ತೇನೆ. ಇವತ್ತು ಅಂಗಡಿಯಿಂದ ಹೊರಡುವಾಗ ಕೋಲು ಬಿಚ್ಚಿ, ಹಿಡಿದುಕೊಂಡೇ ಮನೆಗೆ ಬನ್ನಿ. ಬಂದು ಬಾಗಿಲ ಪಕ್ಕ, ಛತ್ರಿ ನೇತುಹಾಕುವ ಮೊಳೆಗೆ ಅದನ್ನೂ ನೇತುಹಾಕಿ. ಯಜಮಾನರು ಮಡಚಿ ಒಳಗಿಟ್ಟರೆ ಜಗಳ ಆಡಬೇಡಿ. ಬೆಳಿಗ್ಗೆ ತೆಗೆದು ಮತ್ತೆ ಅಲ್ಲೇ ನೇತುಹಾಕಿ.