ಒಂದೇ ಗಿಡದಿಂದ ಹೊಸ ಗೋಧಿ ತಳಿ ಮಾಡಿದ ಪ್ಯಾಟ್ರಿಕ್ ಶಿರೆಫ್ ಯಾರು? ಅದು ಹೇಗೆ ಸಾಧ್ಯವಾಯಿತು?

ಶಿರೆಫ್ (1791–1876) ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್ ಪ್ರದೇಶದ ರೈತ. ಹೊಲದಲ್ಲಿ ಬೇರೆಯಾಗಿ ಕಂಡ ಒಂದು ಗಿಡವನ್ನು ಆರಿಸಿ, ಅದರ ಬೀಜವನ್ನಷ್ಟೇ ಬೆಳೆಸುತ್ತಾ ಹೋದದ್ದೇ ಅವರ ವಿಧಾನ.

1819ರ ವಸಂತದಲ್ಲಿ, ಕಡು ಚಳಿಗೆ ಸಿಕ್ಕಿ ಗೋಧಿ ಬೆಳೆ ತೀರಾ ಸೊರಗಿ ಹೋಗಿತ್ತು. ನಡುವೆ ಒಂದು ಗಿಡ ಮಾತ್ರ ಹಸಿರಾಗಿ ಹರಡಿಕೊಂಡಿತ್ತು. ಶಿರೆಫ್ ಸುತ್ತಲಿನ ಗಿಡಗಳನ್ನು ಕಿತ್ತು, ಗೊಬ್ಬರ ಕೊಟ್ಟರು. ಅದು ತೆಂಡೆ ಒಡೆದು (ಬುಡದಿಂದ ಹೊಸ ಕವಲುಗಳು ಬಂದು) 63 ತೆನೆ ಬಿಟ್ಟಿತು, 2,473 ಕಾಳು ಸಿಕ್ಕಿತು. ಕೂತು ಎಣಿಸಿದ್ದಾರೆ ನೋಡಿ! ಆ ಕಾಳುಗಳನ್ನು ದೂರ ದೂರ ಬಿತ್ತಿ ಹೆಚ್ಚಿಸಿದರು. ಅದೇ 'ಮಂಗೋಸ್‌ವೆಲ್ಸ್' ಗೋಧಿ. ಹೊಲದ ಹೆಸರೇ ತಳಿಗೂ ಬಂತು.

ಒಂದು ಗಿಡ ಸಾಕಾದದ್ದು ಯಾಕೆ? ಗೋಧಿಯಲ್ಲಿ ಹೂವಿನ ಪರಾಗ ಸಾಮಾನ್ಯವಾಗಿ ಅದೇ ಹೂವಿಗೆ ತಾಗುತ್ತದೆ, ಪಕ್ಕದ ಗಿಡದ್ದು ಬೆರೆಯುವುದು ಅಪರೂಪ. ಹಾಗಾಗಿ ಮರಿಗಳೂ ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತವೆ. ಮೆಕ್ಕೆಜೋಳದಲ್ಲಿ ಇದೇ ಉಪಾಯ ಮಾಡಿದ್ದರೆ ಕೈಕೊಡುತ್ತಿತ್ತು, ಯಾಕೆಂದರೆ ಅದರ ಪರಾಗ ಗಾಳಿಯಲ್ಲಿ ಹಾರಿ ಎಲ್ಲೆಲ್ಲೋ ಸೇರುತ್ತದೆ.

ಶಿರೆಫ್‌ಗೆ ಸಿಕ್ಕಿದ್ದು ಸುಮ್ನೆ ಅದೃಷ್ಟ ಅನ್ನಬಹುದು. ಆದರೆ 1824ರಲ್ಲಿ ಹೋಪ್ಟನ್ ಓಟ್ಸ್, 1832ರಲ್ಲಿ ಹೋಪ್ಟನ್ ಗೋಧಿಯನ್ನೂ ಹೀಗೇ ಹಿಡಿದರು. ಮತ್ತೆ ಮತ್ತೆ ಅದೃಷ್ಟ ಬರಲ್ಲ ಅಲ್ವಾ? ಮುಂದೆ ಬೇರೆ ಬೇರೆ ತಳಿಗಳನ್ನು ಕೂಡಿಸಿಯೂ ನೋಡಿದರು. 1868ರ ತನ್ನ ಪುಸ್ತಕದಲ್ಲಿ ಚಾರ್ಲ್ಸ್ ಡಾರ್ವಿನ್ ಇವರ ಕೆಲಸವನ್ನು ಉಲ್ಲೇಖಿಸಿದ್ದಾರೆ.