ನಿಮ್ಮ ಲೇಖನದಲ್ಲಿ ಅರ್ಧ ಉತ್ತರ ಇದೆ

ನಮಸ್ಕಾರ,

ಯಾವ ಜೀವಿ ಎಲ್ಲಿದೆ, ಯಾಕೆ ಅಲ್ಲೇ ಇದೆ ಅನ್ನುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವಂಥ ಲೇಖನವೂ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಪರಿಸರ ಎಂದರೇನು, ಜೀವವೈವಿಧ್ಯ ಎಂದರೇನು ಅನ್ನುವುದು ಪಠ್ಯಪುಸ್ತಕದಲ್ಲೇ ಸಿಗುತ್ತದೆ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು 1802ರಲ್ಲಿ ಜರ್ಮನಿಯ ನಿಸರ್ಗ ವಿಜ್ಞಾನಿ ಹಂಬೋಲ್ಟ್ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತ ಹತ್ತುವಲ್ಲಿ. ಮೇಲೇರಿದಂತೆ ಗಿಡಗಳು ಬದಲಾಗುತ್ತಾ ಹೋಗುವುದನ್ನು ಸೊಗಸಾಗಿ ತೋರಿಸಿದ್ದೀರಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ ಅನ್ನುವುದನ್ನೂ ಅಲ್ಲೇ ಸೇರಿಸಿ.

ತೊಂದರೆ ಇರುವುದು ಅದರ ಮುಂದಿನ ಸಾಲಿನಲ್ಲಿ. "ಹವಾಮಾನ ಹೇಗೋ ಜೀವಿಗಳೂ ಹಾಗೆ" ಎಂದು ಬರೆದು, ಉಳಿದದ್ದನ್ನೆಲ್ಲ ಅದರ ಮೇಲೇ ಕಟ್ಟಿದ್ದೀರಿ. ಅಂಟಾರ್ಕ್ಟಿಕಾದಲ್ಲಿ ಹಿಮವಿದೆ, ತಿನ್ನಲು ಸೀಲ್‌ಗಳೂ ಇವೆ. ಹಿಮಕರಡಿ ಮಾತ್ರ ಯಾಕಿಲ್ಲ? ಅದು ಉತ್ತರದ ಪ್ರಾಣಿ. ನಡುವಿನ ಬಿಸಿ ನೆಲ, ಬಿಸಿ ಕಡಲು ದಾಟಿ ಬರಲು ಅದಕ್ಕೆ ದಾರಿಯೇ ಇರಲಿಲ್ಲ. ಜಾಗ ಒಗ್ಗುತ್ತದೆಯೇ ಅನ್ನುವುದು ಒಂದು ಪ್ರಶ್ನೆ. ಅಲ್ಲಿಗೆ ತಲುಪಲು ಆಯಿತೇ ಅನ್ನುವುದು ಇನ್ನೊಂದು. ಈ ಎರಡನೆಯದನ್ನು ನೀವು ಕೇಳಿಯೇ ಇಲ್ಲ.

ಬ್ರಿಟಿಷ್ ನಿಸರ್ಗ ವಿಜ್ಞಾನಿ ವಾಲೇಸ್‌ನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನೋಡಿ ಬೇಸರವಾಯಿತು. ನಿಮಗೆ ಬೇಕಾದ ಉತ್ತರ ಅಲ್ಲೇ ಇತ್ತು. 1856ರಲ್ಲಿ ಆತ ಈಗಿನ ಇಂಡೋನೇಷ್ಯಾದ ಬಾಲಿಯಿಂದ ಪಕ್ಕದ ಲೊಂಬಾಕ್ ದ್ವೀಪಕ್ಕೆ ಹೋದ. ನಡುವೆ ಇರುವುದು ಸುಮಾರು 35 ಕಿಲೋಮೀಟರ್ ಕಡಲು, ಅಷ್ಟೇ. ಎರಡೂ ಕಡೆ ಉಷ್ಣವಲಯದ ಹವೆ, ಜ್ವಾಲಾಮುಖಿಯ ಮಣ್ಣು. ಆದರೂ ಬಾಲಿಯಲ್ಲಿ ಕಂಡ ಕುಟ್ರ ಹಕ್ಕಿ ಲೊಂಬಾಕ್‌ನಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಆಸ್ಟ್ರೇಲಿಯಾದ ನಂಟಿನ ಕಾಕಟೂ ಗಿಳಿ. ಹಿಮಯುಗದಲ್ಲಿ ಕಡಲಮಟ್ಟ ಸುಮಾರು 120 ಮೀಟರ್ ಇಳಿದಾಗ ಬಾಲಿ, ಜಾವಾ, ಸುಮಾತ್ರಾ ಏಷ್ಯಾದ ನೆಲದ ಜೊತೆ ಕೂಡಿಕೊಂಡಿದ್ದವು. ಹುಲಿ ಬಾಲಿಯವರೆಗೂ ಬಂತು, ಲೊಂಬಾಕ್‌ಗೆ ಬರಲಿಲ್ಲ. ಈ ಎರಡು ದ್ವೀಪಗಳ ನಡುವಿನ ಜಲಸಂಧಿ ತುಂಬಾ ಆಳ, ಅಷ್ಟು ನೀರು ಇಳಿದಾಗಲೂ ಅದು ಕಡಲಾಗಿಯೇ ಉಳಿದಿತ್ತು. ಇದನ್ನು ಬರೀ ಹವಾಮಾನದಿಂದ ವಿವರಿಸಲು ಆಗುತ್ತದಾ? ಈ ಉದಾಹರಣೆಗೆ ಪೂರ್ತಿ ಒಂದು ಪುಟ ಕೊಡಿ.

ಪನಾಮಾದ ಭಾಗ ಇರಲಿ, ಆದರೆ ಅರ್ಧಕ್ಕೆ ನಿಲ್ಲಿಸಿದ್ದೀರಿ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಉತ್ತರ, ದಕ್ಷಿಣ ಅಮೆರಿಕಗಳನ್ನು ಜೋಡಿಸುವ ಆ ಕಿರಿದಾದ ನೆಲ, ಅಂದರೆ ಭೂಸಂಧಿ, ಪೂರ್ತಿ ಮೇಲೆದ್ದಾಗ ಎರಡೂ ಕಡೆಯ ಪ್ರಾಣಿಗಳು ಬೆರೆತವು, ನಿಜ. ಅದೇ ನೆಲ ಕಡಲಿನ ಜೀವಿಗಳಿಗೆ ಗೋಡೆಯಾಯಿತು. ಹತ್ತಿರದ ನೆಂಟರಾದರೂ ಬೇರೆ ಬೇರೆ ಜಾತಿಗಳಾಗಿರುವ ಸೀಗಡಿಗಳು ಇಂದು ಅದರ ಎರಡೂ ಬದಿಯಲ್ಲಿವೆ. ಬೆಟ್ಟಗಳಲ್ಲೂ ಹೀಗೇ ಅಲ್ವಾ? ತಂಪು ಬೇಡುವ ಗಿಡಕ್ಕೆ ಎರಡು ಶಿಖರಗಳ ನಡುವಿನ ಬಿಸಿ ಕಣಿವೆ ದಾಟಲಾಗದ ಅಡ್ಡಿ. ಹಂಬೋಲ್ಟ್‌ನ ಭಾಗಕ್ಕೆ ಇದನ್ನು ಜೋಡಿಸಿದರೆ ಲೇಖನ ತಾನಾಗಿ ಬಿಗಿಯಾಗುತ್ತದೆ.

ಇನ್ನೊಂದು ತಪ್ಪು, ಇದನ್ನು ಬಿಡುವ ಹಾಗಿಲ್ಲ. "ಚಳಿ ತಡೆಯಲೆಂದು ಕರಡಿ ದಪ್ಪ ತುಪ್ಪಳ ಬೆಳೆಸಿಕೊಂಡಿತು" ಎಂದಿದ್ದೀರಿ. ಯಾವ ಕರಡಿಯೂ ಬೇಕೆಂದು ಬೆಳೆಸಿಕೊಳ್ಳಲಿಲ್ಲ. ದಪ್ಪ ತುಪ್ಪಳದೊಂದಿಗೆ ಹುಟ್ಟಿದವು ಹೆಚ್ಚು ಉಳಿದವು, ಹೆಚ್ಚು ಮರಿ ಹಾಕಿದವು. ತಲೆಮಾರುಗಳು ಕಳೆದಂತೆ ಅಂಥವೇ ಜಾಸ್ತಿಯಾದವು.

ಕೊನೆಯ ಪುಟದ "ಅದ್ಭುತ", "ವಿಸ್ಮಯ"ಗಳನ್ನು ತೆಗೆಯಿರಿ. ಹೊಸ ಉದಾಹರಣೆ ಹುಡುಕಬೇಡಿ, ಇರುವುದನ್ನೇ ಬಿಡಿಸಿ ಬರೆದು ಕಳಿಸಿ. ಕಾಗುಣಿತ ನಾನು ನೋಡಿಕೊಳ್ಳುತ್ತೇನೆ.

ಸಂಪಾದಕ