ಅತ್ತೆಯ ಮಾತ್ರೆ ಯಾರ ಪಟ್ಟಿಯಲ್ಲಿದೆ?

(ಇಂಗ್ಲೆಂಡಿನಿಂದ ಓದುಗರೊಬ್ಬರು ಬರೆದಿದ್ದಾರೆ: ಅವರ ಅತ್ತೆಗೆ ಕೀಲುವಾತ. ಆಸ್ಪತ್ರೆಯವರೇ ಕೊಡುವ ಮೆಥೊಟ್ರೆಕ್ಸೇಟ್ ಪ್ರತಿ ಸೋಮವಾರ ಆರು ಮಾತ್ರೆ. ಮೊನ್ನೆ ಉರಿಮೂತ್ರ ಎಂದು ಜಿಪಿ (ಅಲ್ಲಿನ ಕುಟುಂಬ ವೈದ್ಯರ) ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ಟ್ರೈಮೆಥೊಪ್ರಿಮ್ ಬರೆದರು. ಫಾರ್ಮಸಿಸ್ಟ್ ತಡೆದು ಬೇರೆ ಔಷಧಿ ಬರೆಸಿದರು. ಕ್ಲಿನಿಕ್ಕಿನಲ್ಲಿ ವಿಚಾರಿಸಿದರೆ ‘ನಿಮ್ಮ ಹತ್ತಿರ ಮಾತಾಡುವಂತಿಲ್ಲ’ ಎಂದರಂತೆ. ದೂರು ಕೊಡಬೇಕೇ? ಕೊಟ್ಟರೆ ಡಾಕ್ಟರು ಮುನಿಸಿಕೊಂಡಾರೇ? ಡಿಸೆಂಬರಿನಲ್ಲಿ ಅತ್ತೆ ಊರಿಗೆ ಬರುವವರಿದ್ದಾರೆ.)

ನಿಮಗೆ ಭಯವಾದದ್ದು ಸರಿಯಾಗಿಯೇ ಇದೆ. ಈ ಎರಡು ಔಷಧಿಗಳನ್ನು ಒಟ್ಟಿಗೆ ಕೊಡಬಾರದು. ದೇಹ ಫೋಲೇಟ್ ಎಂಬ ಬಿ ವಿಟಮಿನ್ನನ್ನು ಬಳಸಿಕೊಳ್ಳುವುದಕ್ಕೆ ಎರಡೂ ಅಡ್ಡ ಬರುತ್ತವೆ. ಹಾಗಾದರೆ ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದೇ ನಿಂತುಹೋಗಬಹುದು. ಜೀವ ಹೋದ ಪ್ರಸಂಗಗಳೂ ಇವೆ. ಅತ್ತೆ ಒಂದು ಮಾತ್ರೆಯನ್ನೂ ನುಂಗಲಿಲ್ಲವಲ್ಲ, ಆ ಫಾರ್ಮಸಿಸ್ಟಿಗೆ ಒಂದು ಥ್ಯಾಂಕ್ಸ್ ಹೇಳಿ ಬನ್ನಿ.

ತಪ್ಪು ಆದದ್ದೆಲ್ಲಿ? ಡಾಕ್ಟರು ಗಮನಿಸಲಿಲ್ಲ ಅನ್ನುವುದು ಒಂದು ಸಾಧ್ಯತೆ. ನನಗೆ ಜಾಸ್ತಿ ಅನುಮಾನ ಇನ್ನೊಂದರ ಮೇಲೆ. ಜಿಪಿ ತಾವು ಬರೆದ ಔಷಧಿಗಳ ಪಟ್ಟಿ ಇಟ್ಟಿರುತ್ತಾರೆ. ಅಪಾಯದ ಜೋಡಿ ಬಂದರೆ ಕಂಪ್ಯೂಟರ್ ಎಚ್ಚರಿಸುತ್ತದೆ. ಆದರೆ ಮೆಥೊಟ್ರೆಕ್ಸೇಟನ್ನು ಆಸ್ಪತ್ರೆಯೇ ಕೊಡುತ್ತಿದ್ದರೆ, ಯಾರಾದರೂ ಕೂತು ಅದನ್ನು ಸೇರಿಸುವವರೆಗೆ ಆ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಆಸ್ಪತ್ರೆಯ ಪತ್ರ ಫೈಲಿನೊಳಗೆ ಮಲಗಿರುತ್ತದೆ, ಅಷ್ಟೇ. ಇಲ್ಲದ ಔಷಧಿಯ ಬಗ್ಗೆ ಕಂಪ್ಯೂಟರ್ ಏನು ಎಚ್ಚರಿಸೀತು?

ಹಾಗಾಗಿ ದೂರಿಗಿಂತ ಮೊದಲು ಕೇಳಬೇಕಾದ್ದು ಇದು: ‘ಮೆಥೊಟ್ರೆಕ್ಸೇಟ್ ನಿಮ್ಮ ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಆಸ್ಪತ್ರೆಯ ಔಷಧಿ ಎಂದು ಇವತ್ತೇ ಸೇರಿಸಿ.’ ಅತ್ತೆಯ ಫೋನಿನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಆ್ಯಪ್ ಇದ್ದರೆ ನೀವೇ ನೋಡಬಹುದು. ಬಹಳಷ್ಟು ಕ್ಲಿನಿಕ್ಕುಗಳಲ್ಲಿ ಈಗ ಫಾರ್ಮಸಿಸ್ಟೇ ಇರುತ್ತಾರೆ. ಎಲ್ಲ ಔಷಧಿಗಳನ್ನೂ ಕೂತು ಪರಿಶೀಲಿಸಿ ಎಂದು ಅವರನ್ನು ಕೇಳಬಹುದು.

ರಿಸೆಪ್ಷನ್ನಿನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ಸೊಸೆಗಾಗಲಿ ಮಗನಿಗಾಗಲಿ ವಿವರ ಹೇಳುವಂತಿಲ್ಲ, ಅದು ಅಲ್ಲಿನ ನಿಯಮ. ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ನಿಯಮವೂ ಅಡ್ಡಿಯಿಲ್ಲ. ಅತ್ತೆಯ ಸಹಿ ಇರುವ ಒಪ್ಪಿಗೆ ಪತ್ರ ಒಂದನ್ನು ಕೊಟ್ಟುಬಿಡಿ, ಮುಂದೆಯೂ ಬೇಕಾಗುತ್ತದೆ.

ಇನ್ನು ದೂರು. ಕೊಡಿ, ಆದರೆ ಬೈಯುವ ಪತ್ರ ಬೇಡ. ಯಾವ ದಿನ ಏನು ಬರೆದರು, ಯಾರು ತಡೆದರು, ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ ಎಂದು ಕ್ಲಿನಿಕ್ಕಿನ ಮ್ಯಾನೇಜರಿಗೆ (ಪ್ರಾಕ್ಟೀಸ್ ಮ್ಯಾನೇಜರ್) ಬರೆಯಿರಿ. ಸಾಮಾನ್ಯವಾಗಿ 12 ತಿಂಗಳೊಳಗೆ ಕೊಡಬೇಕು. ತಲುಪಿದೆ ಎಂದು 3 ಕೆಲಸದ ದಿನಗಳಲ್ಲಿ ಅವರು ತಿಳಿಸಬೇಕು. ಕ್ಲಿನಿಕ್ಕಿಗೇ ಕೊಡಲು ಮುಜುಗರವಾದರೆ ಅದರ ಬದಲು ನಿಮ್ಮ ಪ್ರದೇಶದ ಆರೋಗ್ಯ ಸೇವೆ ನೋಡಿಕೊಳ್ಳುವ ಇಂಟಿಗ್ರೇಟೆಡ್ ಕೇರ್ ಬೋರ್ಡಿಗೆ ಕೊಡಬಹುದು. ಉತ್ತರ ಸಮಾಧಾನ ತರದಿದ್ದರೆ ದೂರನ್ನು ಸ್ವತಂತ್ರವಾಗಿ ವಿಚಾರಿಸುವ ಓಂಬುಡ್ಸ್‌ಮನ್ ಇದ್ದಾರೆ. ದೂರು ಕೊಟ್ಟರೆಂದು ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಡಾಕ್ಟರು ಮುನಿಸಿಕೊಂಡಾರು ಎಂದು ಸುಮ್ನೆ ಕೂರುವುದು ನಮ್ಮವರ ಹಳೇ ಅಭ್ಯಾಸ, ಅಲ್ವಾ?

ಗಂಟಲುನೋವು, ಜ್ವರ, ಬಾಯಿಹುಣ್ಣು, ಕಾರಣವಿಲ್ಲದೆ ಮೈಮೇಲೆ ಕಂದುಗಟ್ಟುವುದು, ಒಣಕೆಮ್ಮು, ಉಸಿರುಕಟ್ಟುವುದು: ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ಡಾಕ್ಟರಿಗೆ ಹೇಳಬೇಕು. ರಕ್ತಪರೀಕ್ಷೆಯನ್ನು ಯಾವತ್ತೂ ತಪ್ಪಿಸಬೇಡಿ.

ನೀವು ಕೇಳದೇ ಇದ್ದ ಒಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತಿದೆ. ಇಂಗ್ಲೆಂಡಿನಲ್ಲಿ ಈ ಕಾಯಿಲೆಗೆ ಸಾಮಾನ್ಯವಾಗಿ 2.5 ಮಿಲಿಗ್ರಾಂನ ಮಾತ್ರೆಯನ್ನೇ ಕೊಡುತ್ತಾರೆ. ಆರು ಮಾತ್ರೆ ಅಂದರೆ 15 ಮಿಲಿಗ್ರಾಂ. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ 7.5, 10, 15 ಮಿಲಿಗ್ರಾಂನವೂ ಸಿಗುತ್ತವೆ. ತಂದ ಮಾತ್ರೆ ಮುಗಿದು ಇಲ್ಲಿ 15 ಮಿಲಿಗ್ರಾಂನದ್ದು ಕೊಂಡು, ರೂಢಿಯಂತೆ ಆರು ನುಂಗಿದರೆ 90 ಮಿಲಿಗ್ರಾಂ ಆದೀತು! ವಾರಕ್ಕೊಮ್ಮೆ ಎನ್ನುವುದನ್ನು ಮರೆತು ದಿನಾ ನುಂಗಿದವರೂ ಇದ್ದಾರೆ. ಪ್ರಯಾಣಕ್ಕೆ ಸಾಕಾಗುವಷ್ಟು ಮಾತ್ರೆ ಅಲ್ಲಿಂದಲೇ ಕಳಿಸಿ. ‘ಸೋಮವಾರ ಮಾತ್ರ, ಒಟ್ಟು 15 ಮಿಲಿಗ್ರಾಂ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಊರಿನಲ್ಲಿ ಅವರನ್ನು ನೋಡಿಕೊಳ್ಳುವವರಿಗೂ ಅದರ ಫೋಟೊ ಕಳಿಸಿ.

— ಸಂ.